ಪ್ರದಕ್ಷಿಣೆ ಮಾತ್ರ

ಟಿಕೆಟ್ ತೆಗೆದು ಹೋದ ಜಾಗದಲ್ಲಿ ಕಾಲಿಡುವಂತಿಲ್ಲ ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ನನಗೆ ಉರಿದದ್ದು ಮಾತ್ರ ಅದಕ್ಕಲ್ಲ. ಇಳಿಸುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಭಾವನಿಗೂ ಹೇಳಿದ್ದೆ. ಫೋನಿನಲ್ಲಿ ಹೇಳಿದ್ದೆ, ವಿಮಾನದಲ್ಲಿ ಹೇಳಿದ್ದೆ, ಕಾರ್ಡ್ ಉಜ್ಜುವ ಮುಂಚೆ ಇನ್ನೊಮ್ಮೆ ಹೇಳಿದ್ದೆ. ಅವರದು ಒಂದೇ ಉತ್ತರ: "ಹೋಗೋಣ ಬಾ, ಅಲ್ಲಿ ಕೇಳಿದ್ರಾಯ್ತು."

'ಅಲ್ಲಿ ಕೇಳಿದ್ರಾಯ್ತು' ಪಂಗಡದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಟಿಟಿಇ ಹಿಂದೆ ಓಡುವವರು, ಮಹಾಮಂಗಳಾರತಿ ಆಗಿ ಗುಡಿ ಬಾಗಿಲು ಹಾಕಿದ ಮೇಲೆ ಭಟ್ಟರ ಮನೆ ಎಲ್ಲಿ ಅಂತ ವಿಚಾರಿಸುವವರು. ನಮ್ಮ ಭಾವ ಸರ್ವೀಸೆಲ್ಲ ಬ್ಯಾಂಕಿನ ಕೌಂಟರಿನೊಳಗೆ ಕೂತು ಇಂಥವರಿಗೆ "ನಾಳೆ ಬನ್ನಿ" ಅಂದವರು. ರಿಟೈರ್ ಆದ ಮೇಲೆ ಕೌಂಟರಿನ ಈಚೆ ಬಂದು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾರೆ.

ದ್ವೀಪದ ಹೆಸರು ಸುರ್ಟ್ಸೇ. ಐಸ್‌ಲ್ಯಾಂಡಿನ ದಕ್ಷಿಣದ ಕಟ್ಟಕಡೆಯ ತುಂಡು. 1963ರ ನವೆಂಬರ್ 14ರ ಬೆಳಿಗ್ಗೆ ಮೀನು ದೋಣಿಯೊಂದರ ಅಡುಗೆಯವನಿಗೆ ದೂರದಲ್ಲಿ ಹೊಗೆ ಕಂಡಿತಂತೆ. ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆ ಅಂದುಕೊಂಡು ಹತ್ತಿರ ಹೋದರೆ, 130 ಮೀಟರ್ ಆಳದಿಂದ ಜ್ವಾಲಾಮುಖಿ ಎದ್ದು ಬರುತ್ತಿತ್ತು! 1967ರವರೆಗೆ ಉಗುಳಿ ಉಗುಳಿ ಸುಮಾರು 2.7 ಚದರ ಕಿ.ಮೀ. ನೆಲ ಮಾಡಿಟ್ಟಿತು. ಬರೀ ಕಲ್ಲಿನ ಮೇಲೆ ಜೀವ ತಾನಾಗಿ ಹೇಗೆ ಬಂದು ಸೇರುತ್ತದೆ ಅಂತ ನೋಡಲು ಅದನ್ನು ಹಾಗೇ ಬಿಟ್ಟಿದ್ದಾರೆ. ಒಳಗೆ ವಿಜ್ಞಾನಿಗಳಿಗೆ ಮಾತ್ರ ಪ್ರವೇಶ, ಅದೂ ಬಟ್ಟೆ, ಬ್ಯಾಗಿಗೆ ಬೀಜ ಅಂಟಿಲ್ಲ ಅಂತ ಖಾತ್ರಿಯಾದ ಮೇಲೆ. 2008ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇದೆ. ನಮ್ಮಂಥವರು ಹೇಮಾಯ್ ದ್ವೀಪದಿಂದ ದೋಣಿಯಲ್ಲಿ ಹೋಗಿ ಒಂದು ಸುತ್ತು ಹಾಕಿ ಬರಬೇಕು. ಪ್ರದಕ್ಷಿಣೆ ಉಂಟು, ಗರ್ಭಗುಡಿ ಇಲ್ಲ.

ಅಕ್ಕ ಜಾಣೆ. ಬಂದರಿನಲ್ಲಿ ಅಲೆ ನೋಡಿದವಳೇ ಮಂಡಿನೋವು ಅಂತ ರೂಮಿಗೆ ಹೋದಳು. ಹೋಗುವಾಗ ಒಂದು ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟಳು.

ಜುಲೈ. ಹೆಸರಿಗೆ ಬೇಸಿಗೆ. ಭಾವನ ತಲೆಗೆ ಮೈಸೂರಿಂದ ತಂದ ಮಂಕಿ ಕ್ಯಾಪ್. ಹೇಮಾಯ್‌ನ ತೆಂಕಣ ತುದಿ ಯೂರೋಪಿನಲ್ಲೇ ಗಾಳಿಗೆ ಹೆಸರುವಾಸಿ. ಅದನ್ನು ದಾಟಿದ್ದೇ ತಡ, ದೋಣಿ ಎದ್ದು ಬಿದ್ದು ಹೋಗತೊಡಗಿತು. ಬಂಡೆಗಳ ತುಂಬ ಕೆಂಪು ಕೊಕ್ಕಿನ ಪಫಿನ್ ಹಕ್ಕಿಗಳಿದ್ದವು. ಚೆಂದ ಇದ್ದವೇನೋ. ನಾನು ಬಕೆಟ್ ನೋಡಿಕೊಂಡಿದ್ದೆ.

ಸುರ್ಟ್ಸೇ ಕಂಡಿತು. ಕಪ್ಪು ಗೋಡೆ, ಮೇಲೆ ಕಂದು ಗುಡ್ಡ, ಅಲ್ಲಲ್ಲಿ ಅಚ್ಚರಿಯಾಗುವಷ್ಟು ಹಸಿರು. ಭಾವ ನನ್ನ ತೋಳು ತಿವಿದರು. "ಐದೇ ನಿಮಿಷ ಅಂತ ಕೇಳು. ನಿಂದು ಇಂಗ್ಲಿಷ್ ಚೆನ್ನಾಗಿದೆ."

ಇದು ಈ ಪಂಗಡದ ಎರಡನೇ ಗುಣ. ಆಸೆ ಅವರದು, ಹಲ್ಲು ಗಿಂಜುವುದು ಪಕ್ಕದವರು.

ಬಕೆಟ್‌ನಿಂದ ತಲೆಯೆತ್ತಿ ಕೇಳಿದೆ. ಕ್ಯಾಪ್ಟನ್ ನಕ್ಕು ತಲೆಯಾಡಿಸಿದ. ಮಾತಿಗೆ ಮಾತು ಬಂದು, 1963ರ ಡಿಸೆಂಬರಿನಲ್ಲಿ, ಜ್ವಾಲಾಮುಖಿ ಇನ್ನೂ ಸಿಡಿಯುತ್ತಿದ್ದಾಗಲೇ, ಫ್ರಾನ್ಸಿನ ಮೂವರು ಪತ್ರಕರ್ತರು ಅಲ್ಲಿ ಇಳಿದದ್ದು, ಕಾಲು ಗಂಟೆಯಲ್ಲಿ ಸ್ಫೋಟಕ್ಕೆ ಹೆದರಿ ಓಡಿದ್ದು ಹೇಳಿದ. ಹೇಳಬಾರದಿತ್ತು.

"ನೋಡು, ಅವರಿಗೆ ಕಾಲು ಗಂಟೆ ಕೊಟ್ಟಿದ್ದಾರೆ. ನಾವು ಕೇಳ್ತಿರೋದು ಐದು ನಿಮಿಷ. ಹೇಳು."

ಹೇಳಿದೆ. ಆಗಲ್ಲ ಅಂದ.

ಭಾವನಿಗೆ ನಿರಾಸೆಯಾದರೆ ಹಸಿವಾಗುತ್ತದೆ. ಡಬ್ಬಿ ಬಿಚ್ಚಿದರು. ಟೊಮೆಟೊ ಬಾತ್. ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಉಳಿದಿದ್ದೂ ಮೇಲೆದ್ದಿತು. ಕೆಂಪಗಿರುವುದೇನು ಅಂತ ಕ್ಯಾಪ್ಟನ್ ಕೇಳಿದ. ಟೊಮೆಟೊ ಅಂದೆ. ಅವನು ಚುಕ್ಕಾಣಿ ಹಿಡಿದು ಬಾಗಿ ಬಾಗಿ ನಕ್ಕ.

ಆಗಿದ್ದಿಷ್ಟು. ಒಂದು ಸಲ ಸುರ್ಟ್ಸೇಯ ಲಾವಾ ನಡುವೆ ಗುರುತಿಲ್ಲದ ಗಿಡವೊಂದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ನೋಡಿದರೆ ಟೊಮೆಟೊ! ಇದನ್ನು ಯಾವ ಹಕ್ಕಿ ತಂದಿತು, ಯಾವ ಅಲೆ ತಂದಿತು? ಹಕ್ಕಿಯೂ ಅಲ್ಲ, ಅಲೆಯೂ ಅಲ್ಲ. ಬಂದವರಲ್ಲಿ ಯಾರೋ ಬಯಲ ಕಡೆ ಹೋಗಿದ್ದರು. ತಿಂದ ಟೊಮೆಟೊದ ಬೀಜ, ಗೊಬ್ಬರ ಸಮೇತ ಬಿದ್ದು, ಮೊಳೆತಿತ್ತು. ಗಿಡ ಕಿತ್ತು ಹಾಕಿದರು. ಹುಡುಗರು ಕದ್ದು ಬಂದು ನೆಟ್ಟಿದ್ದ ಆಲೂಗಡ್ಡೆಗೂ ಅದೇ ಗತಿಯಾಯಿತು.

ಭಾವ ತುತ್ತು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು. ನಾಚಿಕೊಂಡರು ಅಂದುಕೊಂಡಿರಾ?

"ಇದು ಬೆಂದಿದೆ ಅಂತ ಹೇಳು."

"ಭಾವ..."

"ಬೆಂದ ಬೀಜ ಮೊಳೆಯಲ್ಲ. ಕುಕ್ಕರ್‌ನಲ್ಲಿ ಮೂರು ವಿಷಲ್ ಕೂಗಿಸಿದಾಳೆ ನಿಮ್ಮಕ್ಕ. ಹೇಳು."

ಅಟ್ಲಾಂಟಿಕ್ ಸಾಗರದ ನಡುವೆ, ಬಾಯಿ ಒರೆಸಿಕೊಳ್ಳುತ್ತಾ, ಐಸ್‌ಲ್ಯಾಂಡಿನ ಒಬ್ಬ ನಾವಿಕನಿಗೆ ನಾನು ಪ್ರೆಷರ್ ಕುಕ್ಕರಿನ ವಿಷಲ್ ವಿವರಿಸಿದೆ. ಕೈ ಸನ್ನೆ ಮಾಡಿದೆ. ಅರ್ಥವಾಗಲಿಲ್ಲ. ಭಾವ ನನ್ನನ್ನು ಸರಿಸಿ ತಾವೇ ವಿಷಲ್ ಹೊಡೆದು ತೋರಿಸಿದರು, ಮೂರು ಸಲ. ಹಿಂದಿನ ಸೀಟಿನ ಜರ್ಮನ್ ದಂಪತಿ ಅಪಾಯದ ಸೂಚನೆ ಅಂದುಕೊಂಡು ಲೈಫ್ ಜಾಕೆಟ್ ಬಿಗಿ ಮಾಡಿಕೊಂಡರು.

"ಮತ್ತೆ, ನಾನು ಹೊರಡುವಾಗಲೇ ಎಲ್ಲ ಮುಗಿಸಿ ಬಂದಿದೀನಿ ಅಂತಲೂ ಹೇಳು."

ಅದನ್ನು ನಾನು ಹೇಳಲಿಲ್ಲ. ಎಲ್ಲದಕ್ಕೂ ಒಂದು ಮಿತಿ ಇದೆ.

ಕ್ಯಾಪ್ಟನ್‌ಗೆ ಪಾಪ ಅನ್ನಿಸಿತೇನೋ, ಗೋಡೆಗೆ ಸ್ವಲ್ಪ ಹತ್ತಿರ ಒಯ್ದ. ಅಲೆ ಬಡಿದಾಗೆಲ್ಲ ಕಲ್ಲು ಉರುಳುವ ಸದ್ದು ಕೇಳುತ್ತಿತ್ತು. ಹುಟ್ಟಿದ ದಿನದಿಂದ ಸಮುದ್ರ ಇದನ್ನು ತಿನ್ನುತ್ತಲೇ ಇದೆ, ಸುಮಾರು ಅರ್ಧ ಆಗಲೇ ಹೋಯಿತು ಅಂದ. ಉಳಿಯುವುದು ನಡುವಿನ ಗಟ್ಟಿ ಗುಡ್ಡ ಮಾತ್ರವಂತೆ.

"ಯಾವ ಇಸವಿ ಅಂದೆ, ಹುಟ್ಟಿದ್ದು?" ಭಾವ ಕೇಳಿದರು.

"ಅರವತ್ಮೂರು."

"ನಂದೂ ಅದೇ." ಮಂಕಿ ಕ್ಯಾಪ್ ಮೇಲೆತ್ತಿ ಗುಡ್ಡವನ್ನು ದಿಟ್ಟಿಸಿದರು. "ಅರ್ಧ ಸವೆದೋಯ್ತಾ?"

ಸಿಟ್ಟೆಲ್ಲ ಒಂದು ಗಳಿಗೆ ಇಳಿಯಿತು. ನನ್ನ ಮದುವೆಯ ದಿನ ಐವತ್ತು ಕೆ.ಜಿ. ಅಕ್ಕಿ ಮೂಟೆ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ್ದ ಮನುಷ್ಯ ಇವರೇ. ಈಗ ದೋಣಿ ಹತ್ತಿಸಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಏನಾದರೂ ಒಳ್ಳೆಯ ಮಾತು ಹೇಳೋಣ ಅಂತ ಬಾಯಿ ತೆರೆದೆ. ಬೇರೆ ಏನೋ ಬಂತು. ಬಕೆಟ್ ದೂರ ಇತ್ತು.

ವಾಪಸ್ ಬರುವಾಗ ಭಾವ ಬಹಳ ಹೊತ್ತು ಲೆಕ್ಕ ಹಾಕುತ್ತಾ ಕೂತಿದ್ದರು. ಕೊನೆಗೆ, "ಇಲ್ಲಿ ಇಳಿಯೋರೆಲ್ಲ ಗಿಡ, ಹಕ್ಕಿ ಓದಿದೋರೇ ಅಲ್ವಾ?" ಅಂದರು.

"ಹೌದು, ಕಲ್ಲು ಓದಿದವರೂ ಇದ್ದಾರೆ."

"ಮಗನಿಗೆ ಬಾಟನಿ ಓದಿಸಬೇಕಿತ್ತು ಕಣಯ್ಯ. ಡೊನೇಷನ್ನೂ ಇರ್ತಿರಲಿಲ್ಲ. ಸುಮ್ನೆ ಕಂಪ್ಯೂಟರ್ ಸೈನ್ಸ್‌ಗೆ ಹಾಕಿ, ಈಗ ನೋಡು, ನನಗೊಂದು ಐದು ನಿಮಿಷ ಇಳಿಯೋಕ್ಕೆ ಗತಿಯಿಲ್ಲ."