ಅದೇ ಮನೆಗೆ ಮತ್ತೆ ಹೋಗಬೇಕು

ನಮ್ಮ ಅಕ್ಕನ ಮಗಳು ರಾಯಚೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಹೋದ ಮಾರ್ಚ್‌ನಲ್ಲಿ ಒಂದು ಸಂಜೆ ಫೋನ್ ಮಾಡಿ, ‘ಮಾಮಾ, ನಾಳೆ ನಮ್ದು ಟಿ.ಬಿ. ಜಾಥಾ ಐತಿ’ ಅಂದಳು. ಎಲ್ಲಿಂದ ಎಲ್ಲಿಗೆ ಅಂತ ಕೇಳಿದೆ. ‘ಕಾಲೇಜಿನಿಂದ ಸರ್ಕಲ್ ತನಕ. ಬ್ಯಾನರ್ ಹಿಡ್ಕೊಂಡು ಹೋಗೋದು, ಘೋಷಣೆ ಕೂಗೋದು, ಫೋಟೋ ತೆಗಿಸ್ಕೊಂಡು ಬರೋದು.’ ಆಮೇಲೇನು ಅಂದೆ. ‘ಆಮ್ಯಾಲ ಏನಿಲ್ಲ ಮಾಮಾ, ರಿಪೋರ್ಟ್ ಬರೀಬೇಕು.’

ಅವಳು ಸಹಜವಾಗಿಯೇ ಹೇಳಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದೇ ಊರಲ್ಲಿ ಅಂಥದೇ ಬ್ಯಾನರನ್ನು ನಾನೂ ಹಿಡಿದಿದ್ದೆ.

ನಾನು ಓದಿದ್ದು ಜಿ.ಎನ್.ಎಂ., ಅಂದರೆ ನರ್ಸಿಂಗ್ ಡಿಪ್ಲೊಮಾ. ಆಗ ಕೋರ್ಸು ಮೂರೂವರೆ ವರ್ಷ ಇತ್ತು. ಈಗ ಒಂಬತ್ತು ವರ್ಷದಿಂದ ಕಲ್ಲಿಕೋಟೆಯಲ್ಲಿದ್ದೇನೆ, ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕೇರಳದ ಹುಡುಗ ಹುಡುಗಿಯರು ನರ್ಸಿಂಗ್ ಓದೋಕೆ ಕರ್ನಾಟಕಕ್ಕೆ ಬರೋದು ಎಲ್ಲರಿಗೂ ಗೊತ್ತು. ನಾನು ಎದುರು ದಿಕ್ಕಿಗೆ ಬಂದವನು. ನಮ್ಮ ಬ್ಯಾಚಿನ ಮಲಯಾಳಿ ಗೆಳೆಯನೊಬ್ಬ ದಾರಿ ತೋರಿಸಿದ, ಬಂದೆ, ಇಲ್ಲೇ ಉಳಿದೆ.

ಇಲ್ಲಿ ನಾನು ಕಂಡ ದೊಡ್ಡ ವ್ಯತ್ಯಾಸ ಆಸ್ಪತ್ರೆಯೊಳಗೆ ಇಲ್ಲ. ಅದು ಭಾನುವಾರದ್ದು.

ಕಲ್ಲಿಕೋಟೆಯಲ್ಲಿ ‘ಪಾಲಿಯೇಟಿವ್’ ಅನ್ನೋ ಮಾತು ಆಟೋದವರಿಗೂ ಗೊತ್ತು, ಮೀನು ಮಾರುವವರಿಗೂ ಗೊತ್ತು. ವಾಸಿಯಾಗದ ಕಾಯಿಲೆ ಇದ್ದವರಿಗೆ, ಹಾಸಿಗೆ ಹಿಡಿದವರಿಗೆ ನೋವು ಕಡಿಮೆ ಮಾಡಿ, ಇರುವಷ್ಟು ದಿನ ನೆಮ್ಮದಿಯಾಗಿ ಇರುವಂತೆ ನೋಡಿಕೊಳ್ಳುವ ಆರೈಕೆ ಅದು. 1993ರಲ್ಲಿ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಜೊತೆಯವರು ಸಣ್ಣದಾಗಿ ಶುರು ಮಾಡಿದರು. 2001ರ ಹೊತ್ತಿಗೆ ಪಕ್ಕದ ಮಲಪ್ಪುರಂ ಜಿಲ್ಲೆಯಲ್ಲಿ ಊರಿನ ಜನರೇ ಇದನ್ನು ಕೈಗೆ ತೆಗೆದುಕೊಂಡರು. ಅಂಗಡಿಗಳಲ್ಲಿ ಡಬ್ಬಿ ಇಟ್ಟು ಚಿಲ್ಲರೆ ಕೂಡಿಸಿದರು, ತರಬೇತಿ ಪಡೆದು ಅಕ್ಕಪಕ್ಕದ ರೋಗಿಗಳ ಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ಈಗ ಪಂಚಾಯಿತಿಯ ನರ್ಸ್ ಮನೆ ಮನೆಗೆ ಹೋಗುತ್ತಾರೆ. ಅವರ ಜೊತೆ ಊರಿನವರು, ಕಾಲೇಜು ಹುಡುಗರು ಹೋಗುತ್ತಾರೆ. ನನಗೂ ರಜೆ ಇದ್ದ ಭಾನುವಾರ ಒಂದು ತಂಡದ ಜೊತೆ ಹೋಗುವ ರೂಢಿ ಬಿದ್ದಿದೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಯಜಮಾನರು ಅಡಿಕೆ ಮರದಿಂದ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೆ ಮಲಗಿ ಹನ್ನೊಂದು ವರ್ಷವಾಗಿತ್ತು. ಮಲಗಿದಲ್ಲೇ ಛತ್ರಿ ಜೋಡಿಸಿ ಮಾರುತ್ತಾರೆ. ಅವತ್ತು ನಮ್ಮ ಜೊತೆ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರಿದ್ದರು, ಮೂರನೇ ವರ್ಷದವರು. ಯಜಮಾನರನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿದಾಗ ಬೆನ್ನಿನ ಕೆಳಗಿನ ಹಳೇ ಗಾಯ ಚೆನ್ನಾಗೇ ಇದೆ ಅಂತ ನನಗೆ ಅನ್ನಿಸಿತು. ಒಬ್ಬ ಹುಡುಗಿ ಮಾತ್ರ ಬಗ್ಗಿ ನೋಡಿ, ‘ಹೋದ ವಾರ ಈ ಅಂಚು ಕೆಂಪಗಿರಲಿಲ್ಲ’ ಅಂದಳು. ಆಮೇಲೆ ಮಲಗಿ ಮಲಗಿ ಗಾಯ ಆಗದಿರಲಿ ಅಂತ ಹಾಸಿದ್ದ, ಮೋಟರ್ ಗಾಳಿ ತುಂಬುವ ಏರ್ ಬೆಡ್ ಮೇಲೆ ಅಂಗೈ ಇಟ್ಟು ಒತ್ತಿದಳು. ಗಾಳಿಯೇ ಇರಲಿಲ್ಲ. ಮೋಟರ್ ಕೆಟ್ಟು ನಾಲ್ಕು ದಿನವಾಗಿತ್ತಂತೆ. ಹೇಳಿದರೆ ಹೆಂಡತಿ ರಾತ್ರಿಯೆಲ್ಲ ಎರಡೆರಡು ಗಂಟೆಗೆ ಎದ್ದು ತಿರುಗಿಸ್ತಾಳೆ, ಅವಳಿಗೆ ನಿದ್ದೆ ಇರಲ್ಲ ಅಂತ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ.

ಆ ಹುಡುಗಿಗೆ ನನಗಿಂತ ಜಾಸ್ತಿ ಓದು ಇರಲಿಲ್ಲ, ಅನುಭವವಂತೂ ಇರಲೇ ಇಲ್ಲ. ಅವಳಿಗೆ ಹೋದ ವಾರದ ಗಾಯ ಗೊತ್ತಿತ್ತು, ಅಷ್ಟೇ. ಆರು ತಿಂಗಳಿಂದ ಅವಳು ಅದೇ ಮನೆಗೆ ಬರುತ್ತಿದ್ದಳು.

ನಮ್ಮ ಕಡೆ ಇದು ತಪ್ಪಿಹೋಗಿದೆ. ನರ್ಸಿಂಗ್ ಓದುವ ಮಕ್ಕಳಿಗೆ ತರಗತಿಯ ಹೊರಗೆ ಏನೂ ಇಲ್ಲ ಅಂತ ನಾನು ಹೇಳಲ್ಲ. ತುಂಬಾ ಇದೆ. ದೇಶದ ವಿದ್ಯಾರ್ಥಿ ನರ್ಸ್‌ಗಳ ಸಂಘ ಎಸ್.ಎನ್.ಎ. ಹುಟ್ಟಿದ್ದು 1929ರಲ್ಲಿ. ಅದರ ಹೆಸರಲ್ಲಿ ಆಟೋಟ, ಪೋಸ್ಟರ್, ಹಾಡು, ಭಾಷಣ ಎಲ್ಲಾ ನಡೆಯುತ್ತವೆ. ಎನ್.ಎಸ್.ಎಸ್. ಇದ್ದರೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ. ಆದರೆ ಕೆಲಸವನ್ನು ಹೇಳಿಕೊಡುವುದು ಕ್ಯಾಲೆಂಡರ್. ಮಾರ್ಚ್ 24ಕ್ಕೆ ಟಿ.ಬಿ., ಏಪ್ರಿಲ್ 7ಕ್ಕೆ ಆರೋಗ್ಯ ದಿನ, ಮೇ 12ಕ್ಕೆ ನರ್ಸ್‌ಗಳ ದಿನ, ಆಗಸ್ಟ್ ಮೊದಲ ವಾರ ಎದೆಹಾಲು, ಡಿಸೆಂಬರ್ 1ಕ್ಕೆ ಏಡ್ಸ್. ಒಂದು ದಿನ ರಂಗೋಲಿ, ಒಂದು ದಿನ ಕಿರುನಾಟಕ. ಮಾರನೇ ದಿನ ಆ ಕಾಯಿಲೆ ಮರೆತು ಮುಂದಿನ ಬ್ಯಾನರ್ ಬರೆಸಬೇಕು.

ಟಿ.ಬಿ.ಯನ್ನೇ ನೋಡಿ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಒಂದೆರಡು ತಿಂಗಳಿಗೆ ಕೆಮ್ಮು ಕಡಿಮೆಯಾಗುತ್ತೆ, ಹಸಿವಾಗುತ್ತೆ, ಮೈ ಹಗುರಾಗುತ್ತೆ. ‘ಆರಾಮಾತು ಬಿಡ್ರಿ’ ಅಂತ ಮಾತ್ರೆ ಬಿಡೋದು ಆವಾಗಲೇ. ಆ ರೋಗಿಗೆ ಬೇಕಾದ ಮನುಷ್ಯ ಮೂರನೇ ತಿಂಗಳಲ್ಲಿ ಬಾಗಿಲು ತಟ್ಟುವವನು. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ ‘ನಿಕ್ಷಯ ಮಿತ್ರ’ದಲ್ಲಿ ಸಂಘ ಸಂಸ್ಥೆಗಳು, ಸಾಮಾನ್ಯ ಜನರು ಕೂಡ ಟಿ.ಬಿ. ರೋಗಿಗಳ ಒಪ್ಪಿಗೆ ಪಡೆದು ಅವರ ಊಟದ ಕಿಟ್‌ಗೆ, ಆಸರೆಗೆ ನಿಲ್ಲಬಹುದು. ಒಂದು ನರ್ಸಿಂಗ್ ಕಾಲೇಜು ಐದು ರೋಗಿಗಳನ್ನು ಆರು ತಿಂಗಳು ಹಿಡಿದುಕೊಂಡರೆ ಸಾಕು. ಇಬ್ಬರು ವಿದ್ಯಾರ್ಥಿಗಳಿಗೆ ಒಬ್ಬ ರೋಗಿ. ಜಾಥಾಕ್ಕೆ ಬ್ಯಾನರ್ ಬರೆಸುವ ದುಡ್ಡಿನಲ್ಲಿ ಶೇಂಗಾ, ಬೇಳೆ, ಮೊಟ್ಟೆ ಬರುತ್ತವೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ನನ್ನದೊಂದು ಕಾರಣ ಇದೆ. ಮೂರನೇ ವರ್ಷ ನಮಗೆ ಸಿರವಾರದ ದಾರಿಯ ಒಂದು ಹಳ್ಳಿಗೆ ಕಮ್ಯುನಿಟಿ ಪೋಸ್ಟಿಂಗ್ ಹಾಕಿದ್ದರು. ಹೆಗಲಿಗೆ ಕಮ್ಯುನಿಟಿ ಬ್ಯಾಗ್. ಮನೆಯೊಳಗೆ ಹೋಗಬೇಕು, ಮೊದಲು ನ್ಯೂಸ್ ಪೇಪರ್ ಹಾಸಬೇಕು, ಅದರ ಮೇಲೆ ಬ್ಯಾಗ್ ಇಡಬೇಕು, ಸೋಪು ಟವೆಲ್ ತೆಗೆದು ಕೈ ತೊಳೆಯಬೇಕು, ಆಮೇಲೆ ಉಳಿದ ಸಾಮಾನು. ಈ ಕ್ರಮ ತಪ್ಪಿದರೆ ಮಾರ್ಕ್ಸ್ ಕಟ್. ನನಗೆ ಸಿಕ್ಕ ಮನೆಯಲ್ಲಿ ಒಬ್ಬ ಅಜ್ಜಿ ಲಕ್ವ ಹೊಡೆದು ಮಲಗಿದ್ದಳು. ಹಿಮ್ಮಡಿಯಲ್ಲಿ ಗಾಯ. ಚೆನ್ನಾಗಿ ಡ್ರೆಸಿಂಗ್ ಮಾಡಿದೆ. ಮೂರು ಸಲ ಹೋದೆ. ಆ ಮನೆಯವರ ವಿವರ ಬರೆದ ನನ್ನ ಫ್ಯಾಮಿಲಿ ಫೋಲ್ಡರ್‌ಗೆ ಒಳ್ಳೇ ಮಾರ್ಕ್ಸ್ ಬಿತ್ತು. ಕೊನೇ ದಿನ ಆ ಅಜ್ಜಿ ನನ್ನ ಕೈ ಹಿಡಿದು, ‘ಮತ್ತ ಯಾವಾಗ ಬರ್ತೀಯೋ ಯಪ್ಪಾ?’ ಅಂತ ಕೇಳಿದಳು. ‘ಮುಂದಿನ ವಾರ ಬರ್ತೀನಬೇ’ ಅಂದೆ.

ಹೋಗಲಿಲ್ಲ. ಮುಂದಿನ ವಾರ ಮಕ್ಕಳ ವಾರ್ಡಿಗೆ ಪೋಸ್ಟಿಂಗ್ ಇತ್ತು. ಹಾಸ್ಟೆಲ್‌ನಿಂದ ಹೊರಗೆ ಹೋಗಲು ಅನುಮತಿ ಕೇಳಿದಾಗ, ಪೋಸ್ಟಿಂಗ್ ಮುಗಿದಿದೆ, ಇನ್ನು ಅಲ್ಲೇನು ಕೆಲಸ ಅಂತ ಕೇಳಿದರು. ಇನ್ನೊಮ್ಮೆ ಗಟ್ಟಿಯಾಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಫೋಲ್ಡರ್ ಇವತ್ತಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅಜ್ಜಿ ಏನಾದಳು ಅಂತ ಅದರಲ್ಲಿಲ್ಲ.

ಹಾಗಂತ ನಮ್ಮ ಊರಿನಲ್ಲಿ ನಾನು ಏನೂ ಕಲಿಯಲಿಲ್ಲ ಅಂದರೆ ತಪ್ಪಾಗುತ್ತೆ. ತರಗತಿಯ ಹೊರಗೆ ನನಗೆ ಸಿಕ್ಕ ಅತಿ ದೊಡ್ಡ ಪಾಠ ರಾಯಚೂರಿನ ರಸ್ತೆಯಲ್ಲೇ ಸಿಕ್ಕಿತು.

ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯನ ಹೆಸರು. ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಜಿಲ್ಲೆಯ ರಸ್ತೆಗಳು ಆ ದಿನಗಳಲ್ಲಿ ತುಂಬಿ ಹರಿಯುತ್ತವೆ. ಬಿಸಿಲು 40 ಡಿಗ್ರಿ ಮುಟ್ಟಿರುತ್ತೆ. ದಾರಿಯುದ್ದಕ್ಕೂ ಊರವರು ಟೆಂಟ್ ಹಾಕಿ ಮಜ್ಜಿಗೆ, ರೊಟ್ಟಿ, ಅನ್ನ ಕೊಡುತ್ತಾರೆ. ಒಂದು ವರ್ಷ ನಾವು ನಾಲ್ಕು ಜನ ಹುಡುಗರು, ಯಾರನ್ನೂ ಕೇಳದೆ, ಒಂದು ಟೆಂಟ್‌ನ ಮೂಲೆಯಲ್ಲಿ ಕುಳಿತೆವು. ಸಲೈನ್, ಗಾಜ್, ಬೆಟಾಡಿನ್, ಸ್ಟೆರೈಲ್ ಸೂಜಿ. ಎಲ್ಲಾ ನಮ್ಮದೇ ದುಡ್ಡು.

ಕಾಲು ನೋಡಬೇಕಿತ್ತು ನೀವು. ಪಾದದ ಅಡಿಗೆ ಬೊಬ್ಬೆ, ಬೊಬ್ಬೆಯೊಳಗೆ ಬೊಬ್ಬೆ. ಮೊದಲ ಅರ್ಧ ಗಂಟೆ ನಮ್ಮ ಕೈ ನಡುಗುತ್ತಿತ್ತು. ಆಮೇಲೆ ಕೈಗೆ ಬುದ್ಧಿ ಬಂತು. ಅಂಚಿನಲ್ಲಿ ಸಣ್ಣದಾಗಿ ಚುಚ್ಚಿ ನೀರು ಬಿಡೋದು, ಮೇಲಿನ ಚರ್ಮ ಕೀಳದೇ ಬಿಡೋದು, ಅದೇ ಅದರ ಹೊದಿಕೆ. ಒಬ್ಬ ಹೆಂಗಸು ನಾನು ಚುಚ್ಚುವಾಗಲೂ ನಗುತ್ತಿದ್ದಳು. ‘ತಮ್ಮಾ, ನೀ ಅಳಬ್ಯಾಡ, ನನಗ ನೋವಾಗೂದಿಲ್ಲ’ ಅಂದಳು. ಅವಳ ಹಿಂದೆ ಕುಳಿತಿದ್ದ ಐವತ್ತರ ಗಂಡಸಿನ ಹೆಬ್ಬೆರಳಿನ ಕೆಳಗೆ ಆಳವಾದ ಗಾಯ, ಕೀವು. ಮುಟ್ಟಿದರೆ ನಿಜಕ್ಕೂ ನೋವಿಲ್ಲ. ನಾನು ದೇವರ ಮೇಲಿನ ಭಕ್ತಿ ಅಂದುಕೊಂಡೆ. ನನ್ನ ಗೆಳೆಯ ‘ಶುಗರ್ ಐತೇನ್ರಿ?’ ಅಂತ ಕೇಳಿದ. ‘ಗೊತ್ತಿಲ್ರಿ, ತೋರ್ಸಿಲ್ಲ’ ಅಂದರು. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸತ್ತು ನೋವು ಗೊತ್ತಾಗಲ್ಲ ಅಂತ ಪುಸ್ತಕದಲ್ಲಿ ನಾನೂ ಓದಿದ್ದೆ, ಉತ್ತರ ಬರೆದಿದ್ದೆ. ಅವತ್ತು ರಸ್ತೆ ಬದಿಯಲ್ಲಿ ಅದು ನನ್ನ ಕೈಯಲ್ಲೇ ಇತ್ತು, ನನಗೆ ತಿಳಿಯಲಿಲ್ಲ. ನಮ್ಮ ಹತ್ತಿರ ಗ್ಲುಕೋಮೀಟರ್ ಇರಲಿಲ್ಲ. ಆ ಮನುಷ್ಯನನ್ನು ಆಸ್ಪತ್ರೆಗೆ ಹೋಗಿ ಅಂತ ಬೇಡಿಕೊಂಡೆವು. ಅವರು ಕೈ ಮುಗಿದು ಶ್ರೀಶೈಲದ ಕಡೆಗೇ ನಡೆದರು.

ಇಂಥ ಅವಕಾಶ ಕಲ್ಲಿಕೋಟೆಯ ಮಕ್ಕಳಿಗೆ ಸಿಗಲ್ಲ. ನಮ್ಮ ಕಡೆ ಎಷ್ಟಿವೆ ನೋಡಿ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ, ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆ. ಲಕ್ಷಗಟ್ಟಲೆ ಜನ. ಪ್ರಥಮ ಚಿಕಿತ್ಸೆ, ಬಿಸಿಲು ಬಡಿದವರ ಆರೈಕೆ, ಬಿ.ಪಿ., ಶುಗರ್ ತಪಾಸಣೆ ಕಲಿಯಲು ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ?

ಇನ್ನೊಂದು ನಮ್ಮ ಸಂಪತ್ತು ಭಾಷೆ. ರಾಯಚೂರಿನ ಸರ್ಕಾರಿ ರಿಮ್ಸ್ ಆಸ್ಪತ್ರೆಯಲ್ಲಿ ಒಂದೇ ವಾರ್ಡಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಕೇಳುತ್ತೆ. ನಮ್ಮ ಮಕ್ಕಳು ಮೂರು ಭಾಷೆ ಸುಮ್ನೆ ಆಡಿಕೊಂಡೇ ಕಲಿತಿರುತ್ತಾರೆ. ನನಗೆ ಇಲ್ಲಿ ಮಲಯಾಳಂನಲ್ಲಿ ನೋವಿನ ಮಾತು ಕಲಿಯಲು ಎರಡು ವರ್ಷ ಬೇಕಾಯಿತು. ಊಟ, ನೀರು, ಬಸ್ಸು ಬೇಗ ಬರುತ್ತೆ. ಚುಚ್ಚುತ್ತೆ, ಸೆಳೆಯುತ್ತೆ, ಉರಿಯುತ್ತೆ, ಜೋಮು ಹಿಡಿದಿದೆ ಅನ್ನೋದರ ವ್ಯತ್ಯಾಸ ಬೇಗ ಬರಲ್ಲ. ಹೊರಗಿನಿಂದ ರಾಯಚೂರಿಗೆ ಬಂದು ಓದುವವರಿಗೂ ಹಾಗೇ ಅಲ್ವಾ? ‘ಬ್ಯಾನಿ’ ಅಂದರೆ ಏನು, ‘ಹೊಟ್ಟಿ ಕಡಿತ’ ಅಂದರೆ ಎಂಥ ನೋವು ಅಂತ ನಮ್ಮ ವಿದ್ಯಾರ್ಥಿಗಳೇ ಒಂದು ಸಣ್ಣ ಪುಸ್ತಕ ಬರೆಯಬಹುದು, ನಾಲ್ಕು ಭಾಷೆಯಲ್ಲಿ. ಪೋಸ್ಟರ್ ಸ್ಪರ್ಧೆಗಿಂತ ಅದು ಹೆಚ್ಚು ದಿನ ಬಾಳುತ್ತೆ.

ಕೇರಳದಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಇಲ್ಲಿನ ವಿದ್ಯಾರ್ಥಿಗಳಿಗೂ ರೆಕಾರ್ಡ್ ಬರೆದು ಬರೆದು ಬೆರಳು ನೋಯುತ್ತೆ. ತುಂಬಾ ಮಕ್ಕಳ ಕಣ್ಣು ಹೊರದೇಶದ ಮೇಲೆ. ಆದರೆ ಅದಕ್ಕೂ ಇಲ್ಲಿ ಒಂದು ದಾರಿ ಇದೆ. ಹೊರದೇಶದ ಮಲಯಾಳಿಗಳಿಗಾಗಿ ಇರುವ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ, ಜರ್ಮನಿಗೆ ನರ್ಸ್‌ಗಳನ್ನು ಕಳಿಸುವ ‘ಟ್ರಿಪಲ್ ವಿನ್’ ಯೋಜನೆಯಲ್ಲಿ ಆಯ್ಕೆಯಾದ ನರ್ಸ್‌ಗಳಿಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸುತ್ತೆ. ಹಾಸ್ಟೆಲ್ ಹುಡುಗಿಯರು ಈ ವಿಷಯ ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಾರೆ. ನಮ್ಮ ಅಕ್ಕನ ಮಗಳಿಗೆ ಏಮ್ಸ್‌ಗೆ ನರ್ಸ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಯ ಹೆಸರೇ ನಾನು ಹೇಳುವವರೆಗೂ ಗೊತ್ತಿರಲಿಲ್ಲ. ಹಳೇ ವಿದ್ಯಾರ್ಥಿಗಳು ವರ್ಷಕ್ಕೆರಡು ಸಲ ಬಂದು ಮಾತಾಡಿದರೂ ಸಾಕು. ನಮ್ಮಂಥವರನ್ನು ಕರೆಯಿರಿ, ಖಂಡಿತ ಬರುತ್ತೇವೆ.

ಬರುವ ಯುಗಾದಿಗೆ ನಾನು ಹನ್ನೆರಡು ದಿನ ರಜೆ ಕೇಳಿದ್ದೇನೆ. ಶ್ರೀಶೈಲದ ದಾರಿಯ ಟೆಂಟ್‌ನಲ್ಲಿ ಮತ್ತೆ ಕೂರಲು ನಮ್ಮ ಬ್ಯಾಚಿನ ಐದು ಜನ ಸೇರುತ್ತೇವೆ. ಅಕ್ಕನ ಮಗಳು ತನ್ನ ಕ್ಲಾಸಿನ ಎಂಟು ಜನರ ಹೆಸರು ಬರೆದು ಪ್ರಿನ್ಸಿಪಾಲರ ಅನುಮತಿ ಕೇಳಿದ್ದಾಳೆ. ಒಬ್ಬ ಟೀಚರ್ ಜೊತೆಗೆ ಬರಬೇಕು ಅಂದಿದ್ದಾರಂತೆ, ಅದು ಸರಿಯಾದ ಮಾತು. ಈ ಸಲ ಗ್ಲುಕೋಮೀಟರ್ ಎರಡು ಇರುತ್ತವೆ.

ಮೊನ್ನೆ ಅವಳು ಒಂದು ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಸ್ಕೇಲ್ ಇಟ್ಟು ಗೆರೆ ಹಾಕಿದ್ದಾಳೆ. ಹೆಸರು, ಊರು, ಫೋನ್ ನಂಬರ್, ಶುಗರ್ ಎಷ್ಟು, ಗಾಯ ಎಲ್ಲಿ. ನಾನು ಹೇಳಿದ್ದು ಇಷ್ಟೇ. ಬಲಗಡೆ ಕೊನೆಯಲ್ಲಿ ಅವಳೇ ಇನ್ನೂ ಎರಡು ಕಾಲಂ ಸೇರಿಸಿದ್ದಳು, ‘ಯುಗಾದಿ ಆದ ಮ್ಯಾಲೆ ಮಾತಾಡಿದ ದಿನ’ ಮತ್ತು ‘ಮತ್ತೆ ಮಾತಾಡಿದ ದಿನ’.