ಡೈಸಿ ಕಟರ್

ಭಾನುವಾರ ಬೆಳಗ್ಗೆ ಪೇಪರ್ ಬಿಡಿಸಿ ಕೂತರೆ ಸಾಕು, ನಮ್ಮ ಬೀದಿಯಲ್ಲಿ ಜಗಳ ಶುರು. ಟೆನಿಸ್ ಬಾಲು ನೆಲ ಸವರಿಕೊಂಡು ಹೋಗಿ, ವಿಕೆಟ್ಟಿನ ಜಾಗದಲ್ಲಿಟ್ಟಿದ್ದ ನೀರಿನ ಕ್ಯಾನಿಗೆ ಬಡಿದಿತ್ತು.

"ಎರಡು ಪಿಚ್ ಬಿತ್ತು ಕಣೋ, ನೋಬಾಲ್!"

"ಹೋಗಲೋ, ಔಟಾದ್ಮೇಲೆ ರೂಲ್ಸು!"

ಎದುರುಮನೆ ರಾಯರು ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು: "ಅದು ಡೈಸಿ ಕಟರ್ ಕಣ್ರೋ. ನಮ್ ಕಾಲದಲ್ಲಿ ಔಟೇ."

ನೆಲ ಸವರಿಕೊಂಡು ಹೋಗುವ ಬಾಲಿಗೆ ಆ ಹೆಸರು. ರಾಯರ ಕಾಲ ಯಾವುದೋ ಕಾಣೆ. 2017ರ ನಿಯಮ ಬಂದಮೇಲೆ ಕ್ರೀಸ್ ಮುಟ್ಟುವ ಮೊದಲು ಒಂದಕ್ಕಿಂತ ಹೆಚ್ಚು ಸಲ ಪುಟಿದರೆ ನೋಬಾಲೇ. ಹುಡುಗ ಹೇಳಿದ್ದು ಸರಿ. ಆದರೆ ಬಾಲ್ಕನಿಯ ಮೇಲೆ ಅಪೀಲಿಲ್ಲ.

ಡೈಸಿ ಕಟರ್ ಅನ್ನೋ ಹೆಸರಿನ ಬಾಂಬೂ ಇತ್ತು, ಅಮೆರಿಕದವರ ಬಿಎಲ್‌ಯು-82. ತೂಕ 15,000 ಪೌಂಡು, ಹೆಚ್ಚೂಕಡಿಮೆ ಏಳು ಟನ್ನು. ವಿಯೆಟ್ನಾಂ ಕಾಡಿನಲ್ಲಿ ಹೆಲಿಕಾಪ್ಟರ್ ಇಳಿಯಲು ಜಾಗ ಬೇಕೆಂದು ಸರಕು ವಿಮಾನದಿಂದ ಇದನ್ನು ಕೆಳಕ್ಕೆ ಬಿಡುತ್ತಿದ್ದರು. ಮೂತಿಗೆ ಉದ್ದನೆ ಸಲಾಕೆ. ಅದು ನೆಲ ಮುಟ್ಟಿದೊಡನೆ ಬಾಂಬು ತುಸು ಮೇಲೆಯೇ ಸಿಡಿಯುತ್ತಿತ್ತು. ದೊಡ್ಡ ಗುಂಡಿ ಬೀಳದೆ ಮರಗಳೆಲ್ಲ ನೆಲಕಚ್ಚುತ್ತಿದ್ದವು. 2001ರಲ್ಲಿ ಅಫ್ಘಾನಿಸ್ತಾನದಲ್ಲೂ ಹಾಕಿದರು. ಅಂಥದ್ದಕ್ಕೆ ಡೈಸಿ ಹೂವಿನ ಹೆಸರು ಅಂಟಿಸಿದವನ ಮನೆಯಲ್ಲಿ ಒಂದು ಹೂಕುಂಡವೂ ಇದ್ದಿರಲಾರದು. ಆಟಕ್ಕೂ ಯುದ್ಧಕ್ಕೂ ನಡುವೆ ಏನೋ ಗಹನವಾದದ್ದು ಇಲ್ಲಿ ಸಿಕ್ಕೀತು ಅಂತ ಯೋಚಿಸುತ್ತಾ ಕೂತೆ. ಸಿಕ್ಕಿದ್ದು ಸೇವಂತಿಗೆ.

ಡೈಸಿಯೂ ಸೇವಂತಿಗೆಯೂ ಒಂದೇ ಕುಟುಂಬದವು ನೋಡಿ. ಸೇವಂತಿಗೆ ಅಂದಮೇಲೆ ಗಾಂಧಿಬಜಾರು, ಗಾಂಧಿಬಜಾರು ಅಂದಮೇಲೆ ಮೊಳ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಇದು ಶಾಸ್ತ್ರ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಶಾಸ್ತ್ರಕ್ಕೆ ರಜೆ. ಹೂವಿನಮ್ಮ ದಾರದ ತುದಿಯನ್ನು ಬೆರಳಿಗೆ ಸಿಕ್ಕಿಸಿ, ಮಾಲೆಯನ್ನು ಮೊಣಕೈ ಕಡೆಗೆ ಎಳೆದಂತೆ ಮಾಡಿ, ಅರ್ಧದಾರಿಯಲ್ಲೇ ಬ್ಲೇಡು ಆಡಿಸಿಬಿಡುತ್ತಾರೆ.

"ಏನಮ್ಮಾ, ಇದು ಮೊಳಾನಾ?"

"ನನ್ ಕೈ ಇರೋದೇ ಇಷ್ಟು ಸಾರ್. ನಿಮ್ ಕೈಯಲ್ಲಿ ಅಳೆದ್ರೆ ರೇಟು ಬೇರೆ."

ರೇಟಿಗೆ ನನ್ನ ತಕರಾರಿಲ್ಲ, ಹಬ್ಬಕ್ಕೆ ಏರುವುದು ಇದ್ದದ್ದೇ. ತಕರಾರು ಆ ಸಂದಿಗಳ ಮೇಲೆ. ಹೂವಿಗೂ ಹೂವಿಗೂ ನಡುವೆ ಸ್ಕೂಟರು ನಿಲ್ಲಿಸಬಹುದು. ದಾರವನ್ನೇ ಮಾರುವುದಾದರೆ ದಾರದ ಅಂಗಡಿ ಇಡಲಿ! ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತೆ. ಹಿಂದೆ ನಿಂತಿದ್ದವರೊಬ್ಬರು, "ಸಾರ್, ನೀವು ಅಳೆಯೋಷ್ಟರಲ್ಲಿ ಹಬ್ಬ ಮುಗಿಯುತ್ತೆ" ಅಂದರು. ಮನೆಯವಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ದುಡ್ಡು ಕೊಟ್ಟಳು. ಚಿಲ್ಲರೆ ಇಲ್ಲ ಅಂತ ಹೂವಿನಮ್ಮ ಎರಡು ಬಿಡಿ ಸೇವಂತಿಗೆ ಹಾಕಿದರು. ಅದರಲ್ಲೊಂದು ಬಾಡಿದ್ದು.