ನಾಯಿಗೆ ಉಪ್ಪು ನೀರು ಕುಡಿಸುವುದನ್ನು ಮೊದಲು ನಿಲ್ಲಿಸಿ

ನಿನ್ನೆ ಸಂಜೆಯಿಂದ ಮೈ ಉರಿಯುತ್ತಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಪಕ್ಕದ ಮನೆಯ ಲ್ಯಾಬ್ರಡಾರ್ ಮಾವಿನ ಓಟೆ ನುಂಗಿದೆ. ಈ ಸೀಸನ್ನಿನಲ್ಲಿ ಯಾರ ಮನೆಯಲ್ಲಾದರೂ ಆಗುವಂಥದ್ದೇ. ಚೀಪಿ ಬಿಟ್ಟ ಓಟೆ ತಟ್ಟೆಯಲ್ಲಿರುತ್ತದೆ, ಹಣ್ಣಿನ ವಾಸನೆ ಬರುತ್ತದೆ, ನಾಯಿ ಗುಳುಂ ಅನ್ನಿಸುತ್ತದೆ. ಅದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆಮೇಲೆ ನಡೆದದ್ದಕ್ಕೆ. ನಾನು ಹೋಗುವ ಹೊತ್ತಿಗೆ ಇಬ್ಬರು ಅದರ ದವಡೆ ಅಗಲಿಸಿ ಹಿಡಿದಿದ್ದರು. ಇನ್ನೊಬ್ಬರು ಚೊಂಬಿನಿಂದ ಕಲ್ಲುಪ್ಪಿನ ನೀರು ಸುರಿಯುತ್ತಿದ್ದರು. ಕರಗದ ಉಪ್ಪಿನ ಹರಳು ಗದ್ದದ ಕೂದಲಿಗೆ ಅಂಟಿತ್ತು. ಮುಂಗಾಲು ನೆಲದ ಮೇಲೆ ಜಾರುತ್ತಿತ್ತು. ಕೆಮ್ಮುತ್ತಿದ್ದರೂ ಬಿಡುತ್ತಿಲ್ಲ. "ವಾಂತಿ ಆದ್ರೆ ಎಲ್ಲಾ ಹೊರಗೆ ಬರುತ್ತೆ ಕಣಮ್ಮಾ" ಅಂದರು ಚೊಂಬು ಹಿಡಿದಿದ್ದ ಹಿರಿಯರು. ಚೊಂಬು ಕಿತ್ತುಕೊಂಡೆ. ದೊಡ್ಡವರಿಗೆ ಎದುರಾಡುವವಳಲ್ಲ ನಾನು, ನಿಮಗೆ ಗೊತ್ತು. ನಿನ್ನೆ ಎದುರಾಡಿದೆ. ಬೇಜಾರಿಲ್ಲ.

ಉಪ್ಪು ನೀರು ಔಷಧಿ ಅಲ್ಲ. ವಾಂತಿ ಆಗದಿದ್ದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಜಾಸ್ತಿಯಾದರೆ ಮೆದುಳಿನ ಜೀವಕೋಶಗಳಿಂದ ನೀರು ಎಳೆದುಕೊಳ್ಳುತ್ತದೆ. ನಾಯಿ ನಡುಗುತ್ತದೆ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಬಲವಂತವಾಗಿ ಸುರಿದ ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಇನ್ನು ಓಟೆ ವಾಪಸ್ ಬರುವಾಗ ಅನ್ನನಾಳದಲ್ಲೇ ಸಿಕ್ಕಿಕೊಂಡರೆ? ಹೊಟ್ಟೆಯಲ್ಲಿದ್ದ ತೊಂದರೆಯನ್ನು ನಾವೇ ಗಂಟಲಿಗೆ ತಂದ ಹಾಗಾಯಿತು.

ಎಲ್ಲವನ್ನೂ ವಾಂತಿ ಮಾಡಿಸಬಾರದು ಅನ್ನುವುದೇ ಜನರಿಗೆ ಗೊತ್ತಿಲ್ಲ. ಸೂಜಿ, ಬ್ಲೇಡು, ಗಾಜಿನ ಚೂರು ಬರುವಾಗ ಕೊಯ್ಯುತ್ತವೆ. ಬಾತ್‌ರೂಮ್ ತೊಳೆಯುವ ಆಸಿಡ್ ಒಳಗೆ ಹೋಗುವಾಗ ಒಮ್ಮೆ ಸುಟ್ಟಿರುತ್ತದೆ, ಬರುವಾಗ ಮತ್ತೆ ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿಯುತ್ತದೆ. ರಿಮೋಟಿನ ಬಟನ್ ಸೆಲ್ ಅಂತೂ ಒಂದೆರಡು ಗಂಟೆಯೊಳಗೇ ಗಂಟಲನ್ನು ಸುಟ್ಟು ತೂತು ಮಾಡಬಲ್ಲದು. ಅದನ್ನು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಬೇಕು.

ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಏನು ನುಂಗಿತು, ಎಷ್ಟು, ಎಷ್ಟೊತ್ತಾಯಿತು, ನಾಯಿಯ ತೂಕ ಎಷ್ಟು, ಇಷ್ಟು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿಯಿತು. ವಾಂತಿ ಮಾಡಿಸಲೇಬೇಕು ಅಂದರೆ ಅದಕ್ಕೆ ಇಂಜೆಕ್ಷನ್ ಇದೆ, ಅವರೇ ಕೊಡುತ್ತಾರೆ. ಸಾಮಾನ್ಯವಾಗಿ ಮೊದಲ 2 ಗಂಟೆಯೊಳಗಾದರೆ ಪ್ರಯೋಜನ ಜಾಸ್ತಿ. ಕೆಲವು ಸಲ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಹಾಕಿ ಹೊಟ್ಟೆ ಕೊಯ್ಯದೆ ತೆಗೆಯಬಹುದು. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಹಾಗಾಗಿ ಹಾಲು, ತುಪ್ಪ, ಹರಳೆಣ್ಣೆ, ಬಾಳೆಹಣ್ಣು ಅಂತ ನಿಮ್ಮಷ್ಟಕ್ಕೆ ಏನೂ ಕೊಡಬೇಡಿ. ಇಲಿ ಪಾಷಾಣ ತಿಂದಿದ್ದರೆ ಪ್ಯಾಕೆಟ್ ಜೊತೆಗೇ ಒಯ್ಯಿರಿ. ಅದರಲ್ಲಿ ಒಂದು ಜಾತಿಯದ್ದು ತಿಂದ ದಿನ ಏನೂ ತೋರಿಸುವುದಿಲ್ಲ, ಮೂರ್ನಾಲ್ಕು ದಿನಕ್ಕೆ ಒಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ. ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು.

"ನಾಳೆ ಕಕ್ಕದಲ್ಲಿ ಬರುತ್ತೆ ಬಿಡಿ" ಅನ್ನುವವರು ಇನ್ನೊಂದು ಗುಂಪು. ಬರುತ್ತದೆ, ಚಿಕ್ಕ ಗುಂಡಿಯೋ ಹುಣಸೆ ಬೀಜವೋ ಆದರೆ. ಮಾವಿನ ಓಟೆ, ಕಾಲುಚೀಲ, ಜೋಳದ ದಿಂಡು ಸಣ್ಣ ಕರುಳಿಗೆ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಬೀದಿಯ ಹಸು ಪ್ಲಾಸ್ಟಿಕ್ ತಿಂದು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತದೆ. ನಾಯಿಯ ಹೊಟ್ಟೆ ಹಾಗಲ್ಲ. ಕರುಳಿನ ಆ ಜಾಗಕ್ಕೆ ರಕ್ತ ಹರಿಯುವುದು ನಿಂತರೆ ಅಲ್ಲೇ ಕೊಳೆತು ತೂತಾಗುತ್ತದೆ. ನೀರು ಕುಡಿದರೂ ವಾಂತಿ, ಊಟ ಬೇಡ, ಜೊಲ್ಲು, ಎದೆ ನೆಲಕ್ಕೆ ಹಚ್ಚಿ ಹಿಂಭಾಗ ಎತ್ತಿ ನಿಲ್ಲುವುದು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ನೆಮ್ಮದಿಯಾಗಲೂ ಬೇಡಿ. ಲೋಹ, ಕಲ್ಲು, ಮೂಳೆ ಕಾಣುತ್ತವೆ. ಬಟ್ಟೆ, ಪ್ಲಾಸ್ಟಿಕ್, ಓಟೆ ಎಷ್ಟೋ ಸಲ ಕಾಣುವುದಿಲ್ಲ, ಸ್ಕ್ಯಾನ್ ಬೇಕಾಗುತ್ತದೆ.

ಇನ್ನೊಂದು, ದಾರ. ಹೊಲಿಗೆ ದಾರ, ಗಾಳಿಪಟದ ಮಾಂಜಾ, ಪೂಜೆಯ ಹೂವಿನ ಹಾರದ ದಾರ. ನಾಯಿಯ ಹಿಂದೆ ದಾರ ಇಳಿಬಿದ್ದಿದ್ದರೆ ಎಳೆಯಬೇಡಿ! ಇನ್ನೊಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಗೋ ಸಿಕ್ಕಿಕೊಂಡಿರುತ್ತದೆ. ಕರುಳು ಅದರ ಮೇಲೆ ಸೀರೆಯ ನೆರಿಗೆಯ ಹಾಗೆ ಸುಕ್ಕಾಗಿರುತ್ತದೆ. ಎಳೆದರೆ ಕರುಳೇ ಕೊಯ್ದುಹೋಗುತ್ತದೆ.

"ಹಿಂದೆ ಹಳ್ಳಿ ನಾಯಿಗಳು ಏನೆಲ್ಲ ತಿಂದು ಬದುಕಲಿಲ್ವಾ?" ಅಂತ ನಿನ್ನೆಯೂ ಕೇಳಿದರು. ಬದುಕಿದ್ದು ನಮ್ಮ ಕಣ್ಣ ಮುಂದೆ ಓಡಾಡಿತು. ಸತ್ತದ್ದು ಬೇಲಿ ಸಂದಿಗೆ ಹೋಗಿ ಸತ್ತಿತು. ಯಾಕೆ ಸತ್ತಿತು ಅಂತ ಯಾರು ನೋಡಿದರು? ನಮ್ಮಜ್ಜಿಯ ಮನೆಯ ಕರಿಯ ಹಾಗೇ ಹೋಯಿತು. ಬಣವೆಯ ಹಿಂದೆ ಮಲಗಿ ಊಟ ಬಿಟ್ಟಿತ್ತು. "ವಯಸ್ಸಾಯ್ತು" ಅಂದರು. ಅದಕ್ಕೇನು ಮಹಾ ವಯಸ್ಸು! ಈಗಲೂ ನೆನೆದರೆ ಅಳು ಬರುತ್ತದೆ.

ದುಡ್ಡಿನ ಮಾತು ಬಂದರೆ ಒಪ್ಪುತ್ತೇನೆ, ಖಾಸಗಿ ಕ್ಲಿನಿಕ್‌ನಲ್ಲಿ ಆಪರೇಷನ್ ಎಲ್ಲರ ಕೈಗೂ ಎಟುಕುವುದಿಲ್ಲ. ಆದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ, ನಾಯಿಗಳನ್ನೂ ನೋಡುತ್ತಾರೆ. ಫೋನ್ ಮಾಡಿ ಕೇಳುವುದಕ್ಕಂತೂ ಖರ್ಚಿಲ್ಲ, ಅಲ್ವಾ?

ಪಕ್ಕದ ಮನೆಯ ಲ್ಯಾಬ್ರಡಾರ್ ಈಗ ಡ್ರಿಪ್ ಮೇಲಿದೆ. ಓಟೆ ಇನ್ನೂ ಜಠರದಲ್ಲೇ ಇದೆಯಂತೆ, ಸೋಡಿಯಂ ಹತೋಟಿಗೆ ಬಂದ ಮೇಲೆ ತೆಗೆಯುತ್ತಾರೆ. ಓಟೆಗಿಂತ ಮೊದಲು ಉಪ್ಪಿಗೆ ಚಿಕಿತ್ಸೆ ಮಾಡಬೇಕಾಗಿ ಬಂತು!

ನಿಮ್ಮೂರಲ್ಲಿ ರಾತ್ರಿ ಹೊತ್ತೂ ನಾಯಿ ನೋಡುವ ಸರ್ಕಾರಿ ಆಸ್ಪತ್ರೆ, ಕ್ಲಿನಿಕ್ ಯಾವುದಿದೆ ಅಂತ ಕೆಳಗೆ ಬರೆಯಿರಿ. ಊರಿನ ಹೆಸರು ಮರೆಯಬೇಡಿ.